ಮೂರು ಫೈಲು, ಒಂದು ಬೆನ್ನು

ಮೂವತ್ತನಾಲ್ಕು ವರ್ಷ ನಾನು ಬೇರೆಯವರ ಬೆನ್ನು ನೋಡಿಕೊಂಡೇ ಅನ್ನ ಉಂಡವಳು. ಎದುರಿಗೆ ಬಂದರೆ ಹೆಸರು ನೆನಪಾಗದ ಎಷ್ಟೋ ಜನರನ್ನು ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಹಿಂದಿನಿಂದ ನೋಡಿ ಗುರುತು ಹಿಡಿದಿದ್ದೇನೆ. ಒಬ್ಬರ ಎಡ ಹೆಗಲು ಇಳಿದಿರುತ್ತದೆ, ಇನ್ನೊಬ್ಬರು ಮೆಟ್ಟಿಲು ಹತ್ತುವಾಗ ಸೊಂಟಕ್ಕೆ ಕೈ ಕೊಟ್ಟಿರುತ್ತಾರೆ. ಕರೆದರೆ ತಿರುಗಿ ನೋಡಿ, "ಅಯ್ಯೋ, ಜಲಜಾಕ್ಷಿ ಮೇಡಂ!" ಎಂದು ತಕ್ಷಣ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ನನಗೆ ಅಷ್ಟು ಹೆದರುತ್ತಿದ್ದರು. ಅದು ಹೆಮ್ಮೆಪಡುವ ಸಂಗತಿ ಎಂದೇ ಬಹಳ ಕಾಲ ತಿಳಿದುಕೊಂಡಿದ್ದೆ.

ನನ್ನ ತಂಗಿಯ ಮಗಳು ಫಿಸಿಯೋಥೆರಪಿ ಓದು ಮುಗಿಸಿ ಈಗಷ್ಟೇ ಠಾಣೆಯ ಒಂದು ಆಸ್ಪತ್ರೆಗೆ ಸೇರಿದ್ದಾಳೆ. "ದೊಡ್ಡಮ್ಮ, ಕಾಲೇಜ್ ಮೇ ಜೋ ನಹೀ ಸಿಖಾತೇ, ವೋ ಬತಾವೋ ನಾ" ಎಂದು ದುಂಬಾಲು ಬಿದ್ದಳು. ಕಾಲೇಜಿನಲ್ಲಿ ಕಲಿಸದೇ ಇರುವುದನ್ನು ಹೇಳಬೇಕಂತೆ. ಹೇಳುತ್ತೇನೆ ಮಗಳೇ, ಆದರೆ ನನಗೆ ಬರೆಯಲು ಬರುವುದು ಕನ್ನಡದಲ್ಲಿ, ನಿನಗೆ ಕನ್ನಡ ಓದಲು ಬರುವುದಿಲ್ಲ. ನಿನ್ನ ಅಮ್ಮ ಓದಿ ಹೇಳಲಿ. ಅವಳಿಗೂ ಸ್ವಲ್ಪ ಕೆಲಸ ಇರಲಿ.

ನಾನು ಫಿಸಿಯೋಥೆರಪಿಸ್ಟ್ ಆಗಿ ಸೇರಿದ್ದು ನೆರೂಳಕ್ಕೂ ಸೀವುಡ್ಸ್‌ಗೂ ನಡುವಿನ ಒಂದು ಧರ್ಮಾರ್ಥ ಆಸ್ಪತ್ರೆಗೆ. ಡೊಂಬಿವಲಿಯಿಂದ ಠಾಣೆ, ಅಲ್ಲಿಂದ ಬಸ್ಸಿನಲ್ಲಿ ನೆರೂಳ. ನಮ್ಮ ವಿಭಾಗ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿತ್ತು. ಮೂಳೆ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸಾಹೇಬರು ಎನ್ನುತ್ತಿದ್ದರು. ಅವರು ಮೇಲಿನಿಂದ ಒಂದು ಚೀಟಿ ಕಳಿಸುತ್ತಿದ್ದರು: ಶಾಖ, ಟ್ರಾಕ್ಷನ್, ಹತ್ತು ದಿನ. ನಾವು ಶಾಖ ಕೊಟ್ಟು, ಬೆಲ್ಟು ಕಟ್ಟಿ ಸೊಂಟ ಎಳೆಯುವ ಯಂತ್ರಕ್ಕೆ ರೋಗಿಯನ್ನು ಒಪ್ಪಿಸಿ, ಹತ್ತು ದಿನ ಕಳೆದ ಮೇಲೆ ಚೀಟಿಗೆ ಸಹಿ ಹಾಕುತ್ತಿದ್ದೆವು. ಒಮ್ಮೆ ಧೈರ್ಯ ಮಾಡಿ ಮೇಲೆ ಹೋಗಿ, ಈ ಅಜ್ಜಿಗೆ ಟ್ರಾಕ್ಷನ್ ಬೇಡವೇನೋ ಸರ್ ಎಂದೆ. ಅವರು ತಲೆ ಎತ್ತಲಿಲ್ಲ. "ನಿಮ್ಮ ಕೆಲಸ ಸ್ವಿಚ್ ಹಾಕುವುದು" ಎಂದರು. ಆ ಸಂಜೆ ಠಾಣೆಯಿಂದ ಡೊಂಬಿವಲಿಯವರೆಗೆ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ನಿಂತು ಅತ್ತೆ. ಆ ಗರ್ದಿಯಲ್ಲಿ ಕಣ್ಣೊರೆಸಿಕೊಳ್ಳಲು ಕೈ ಎತ್ತುವಷ್ಟು ಜಾಗವೂ ಇರಲಿಲ್ಲ.

ಹಾಗೆಂದು ನಾನೇನು ಬಹಳ ತಿಳಿದವಳಾಗಿದ್ದೆ ಎಂದುಕೊಳ್ಳಬೇಡ. ನೆರೂಳದಲ್ಲಿ ಹೋಟೆಲು ನಡೆಸುತ್ತಿದ್ದ ಕಾರ್ಕಳ ಕಡೆಯ ಶೆಟ್ಟರೊಬ್ಬರು ಕುತ್ತಿಗೆ ನೋವೆಂದು ಬರುತ್ತಿದ್ದರು. ನಾನು ಶಾಖದ ಪೊಟ್ಟಣ ಇಡುತ್ತಿದ್ದೆ, ಅವರು ಗೊರಕೆ ಹೊಡೆಯುತ್ತಿದ್ದರು. ಎದ್ದಮೇಲೆ, "ನಿಮ್ಮ ಕೈಗುಣವೇ ಗುಣ ಮೇಡಂ" ಎಂದು ಗೋಳಿಬಜೆಯ ಪೊಟ್ಟಣ ಕೊಡುತ್ತಿದ್ದರು. ಒಂದು ವರ್ಷದ ಹತ್ತಿರ ಹೀಗೇ ನಡೆಯಿತು. ಒಂದು ದಿನ ಅವರ ಹೆಂಡತಿ ಫೋನು ಮಾಡಿದರು. "ಮೇಡಂ, ಇವ್ರು ಈಗ ಕುತ್ತಿಗೆ ತಿರ್ಗಿಸುದೇ ಬಿಟ್ಟಿದ್ದಾರೆ ಮಾರಾಯ್ರೆ. ಕರ್ದ್ರೆ ಇಡೀ ಮನುಷ್ಯನೇ ತಿರ್ಗುದು, ಲಾರಿ ತಿರ್ಗಿದ ಹಾಗೆ. ನೀವು ಅಲ್ಲಿ ಎಂತ ಮಾಡ್ತಾ ಇದ್ದೀರಿ?" ಅವರು ಮೊದಲು ಮಾಡಲಾಗದ್ದು ಏನನ್ನು ಈಗ ಮಾಡಬಲ್ಲರು ಎಂದು ಅಷ್ಟು ದಿನದಲ್ಲಿ ಒಮ್ಮೆಯೂ ನಾನು ಕೇಳಿಕೊಂಡಿರಲಿಲ್ಲ. ಗೋಳಿಬಜೆ ಮಾತ್ರ ತಪ್ಪದೆ ತಿಂದಿದ್ದೆ.

ದೊಡ್ಡ ಸಾಹೇಬರು ನಿವೃತ್ತರಾದ ಕೆಲವು ವರ್ಷಗಳ ಮೇಲೆ ಡಾಕ್ಟರ್ ಕುಲಕರ್ಣಿ ಬಂದರು. ಮರಾಠಿಯವರು, ಅರಿವಳಿಕೆ ತಜ್ಞರು, ನೋವಿನ ಚಿಕಿತ್ಸೆಯಲ್ಲಿ ಬೇರೆ ತರಬೇತಿ ಪಡೆದವರು. ಗಾಯ ಮಾಗಿದ ಮೇಲೂ ನೋವು ಉಳಿದುಬಿಡಬಹುದು, ಅಂಥ ನೋವು ಸುಳ್ಳಲ್ಲ, ಅದಕ್ಕೆ ಒಬ್ಬರ ಔಷಧ ಸಾಲದು ಎಂದು ಆಡಳಿತದವರಿಗೆ ತಿಳಿಸಿ ಹೇಳಿ ಒಂದು ತಂಡ ಕಟ್ಟಿದರು. ಗುಳಿಗೆ, ಇಂಜೆಕ್ಷನ್ನಿಗೆ ಅವರು. ವ್ಯಾಯಾಮಕ್ಕೆ ನಾನು. ಮನಸ್ಸಿನ ಮಾತಿಗೆ ಶ್ರುತಿ. ಅವಳು ಮನಶ್ಶಾಸ್ತ್ರ ಓದಿದ ಚಿಕ್ಕ ಹುಡುಗಿ. ಉಡುಪಿಯ ಕಡೆಯವರ ಮಗಳಾದರೂ ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ನಾಲ್ಕನೆಯವರು ಲಿಲ್ಲಿ ಸಿಸ್ಟರ್, ಕೇರಳದವರು. ರೋಗಿಗಳ ದಿನ, ಸಮಯ, ಮನೆಯ ಕಷ್ಟಸುಖ ಎಲ್ಲ ಅವರ ತಲೆಯಲ್ಲಿ ಇರುತ್ತಿತ್ತು.

ಬಾಗಿಲಿಗೆ ತಂಡ ಎಂದು ಬೋರ್ಡು ಹಾಕಿದೆವು. ಒಳಗೆ ತಂಡವೇನೂ ಇರಲಿಲ್ಲ. ಡಾಕ್ಟರು ಸೋಮವಾರ ನೋಡುತ್ತಿದ್ದರು, ನಾನು ಮಂಗಳವಾರ, ಶ್ರುತಿ ಗುರುವಾರ. ಅವರದು ಬಿಳಿ ಫೈಲು, ನನ್ನದು ಹಸಿರು, ಶ್ರುತಿಯದು ಗುಲಾಬಿ. ಒಂದು ಬೆನ್ನಿಗೆ ಮೂರು ಫೈಲು, ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ಗೊತ್ತಿಲ್ಲ. ಮೂವರೂ ರೋಗಿಯನ್ನು ಕೇಳುವ ಮೊದಲ ಪ್ರಶ್ನೆ ಮಾತ್ರ ಒಂದೇ: ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಷ್ಟಿದ್ದರೆ ಹತ್ತು, ಇವತ್ತು ಎಷ್ಟು? ಹೇಳಿದ ಅಂಕಿಯನ್ನು ಬರೆದುಕೊಂಡು ಅದರ ಮೇಲೆ ಮುಂದಿನದನ್ನು ತೀರ್ಮಾನಿಸುತ್ತಿದ್ದೆವು.

ಶರಣಪ್ಪ ಬಂದದ್ದು ಈ ಕಾಲದಲ್ಲಿ. ಕಲಬುರಗಿ ಜಿಲ್ಲೆಯ ಆಳಂದದ ಕಡೆಯವನು, ನಲವತ್ತು ದಾಟಿತ್ತು. ತುರ್ಭೆಯ ಸಗಟು ಮಾರ್ಕೆಟಿನಲ್ಲಿ ಕಾಂದಾ-ಬಟಾಟೆಯ, ಅಂದರೆ ಈರುಳ್ಳಿ-ಆಲೂಗಡ್ಡೆಯ ಮೂಟೆ ಹೊರುವ ಮಾಥಾಡಿ. ಅಲ್ಲಿ ಹೊರುವವರು ಒಬ್ಬೊಬ್ಬರೇ ದುಡಿಯುವುದಿಲ್ಲ, ಹತ್ತು ಹನ್ನೆರಡು ಜನರ ಟೋಳಿ ಇರುತ್ತದೆ, ಟೋಳಿಗೊಬ್ಬ ಮುಖಂಡ, ಅವನೇ ಮುಕಾದಮ. ಲಾರಿಯಿಂದ ಇಳಿಸುವಾಗ ಕಾಲು ಜಾರಿ, ಬೆನ್ನ ಮೇಲಿನ ಮೂಟೆಯ ಸಮೇತ ಬಿದ್ದಿದ್ದ. ಮೂಳೆಯ ಡಾಕ್ಟರುಗಳು ಆಪರೇಷನ್ ಬೇಡ ಎಂದರು. ಏಟು ಮಾಗಿತು, ನೋವು ಉಳಿಯಿತು. ಎರಡು ವರ್ಷ ಅಂಬರನಾಥದಿಂದ ಠಾಣೆಯವರೆಗೆ ಕಂಡಕಂಡ ಕಡೆ ತೋರಿಸಿ, ಎಕ್ಸ್‌ರೇಗಳನ್ನು ಬಟ್ಟೆಯಂಗಡಿಯ ಚೀಲದಲ್ಲಿ ಇಟ್ಟುಕೊಂಡು ನಮ್ಮಲ್ಲಿಗೆ ಬಂದ. ಕೂರಲು ಹೇಳಿದರೆ, ಕುರ್ಚಿಗೆ ನೋವಾಗುತ್ತದೇನೋ ಎಂಬಷ್ಟು ಮೆಲ್ಲಗೆ ಕೂತ.

"ಅಕ್ಕಾರ, ನೀವು ಕನ್ನಡದೋರೇನ್ರಿ?" ಎಂದ ನನ್ನ ಬಾಯಿಂದ ಎರಡು ಮಾತು ಕೇಳಿದ ಮೇಲೆ. ಅವನ ಮುಖ ಅರಳಿದ್ದು ಇನ್ನೂ ಕಣ್ಣ ಮುಂದಿದೆ. "ನಂದ ಒಂದ ಪ್ರಶ್ನೆ ಅದರೀ. ನಾ ಮತ್ತ ಮೂಟಿ ಹೊರ್ತೀನೇನು? ನಮ್ಮ ಟೋಳ್ಯಾಗ ನನ್ನ ಜಾಗಾ ಹಂಗೇ ಇಟ್ಟಾರ. ಹೊಸಾ ಉಳ್ಳಾಗಡ್ಡಿ ಬರೂತನಕ ಕಾಯ್ತೀವಿ ಅಂದಾರ. ಆಮ್ಯಾಲ ಬ್ಯಾರೆಯವರನ್ನ ತಗೋಬೇಕಾಗ್ತದ."

ಅದು ನನ್ನ ಪ್ರಶ್ನೆಯಲ್ಲ ಎಂದುಕೊಂಡೆ. "ಮೊದಲು ನೆಟ್ಟಗೆ ನಡೆಯಿರಿ, ಆಮೇಲೆ ನೋಡುವ" ಎಂದೆ. ಡಾಕ್ಟರ್ ಕುಲಕರ್ಣಿ ಅವನಿಗೆ "ದೇಖೇಂಗೆ", ನೋಡೋಣ ಎಂದರಂತೆ. ಶ್ರುತಿ, ಹೊರಲಾಗದಿದ್ದರೆ ನಿಮಗೆ ಏನನ್ನಿಸುತ್ತದೆ ಎಂದು ತಿರುಗಿ ಅವನನ್ನೇ ಕೇಳಿದಳಂತೆ.

ಮೊದಲ ತಿಂಗಳು ಅವನು ಎಲ್ಲರಿಗೂ ನಿಜವನ್ನೇ ಹೇಳಿದ. ನೋವು ಎಂಟು. ಒಂದು ಮಂಗಳವಾರ ಅವನು ನನ್ನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿ ಕಾಲೆತ್ತುತ್ತಿದ್ದಾಗ ಡಾಕ್ಟರು ಒಳಗೆ ಬಂದರು. ಎಂಟರಿಂದ ಕೆಳಗೆ ಇಳಿಯುತ್ತಲೇ ಇಲ್ಲವಲ್ಲ ಮೇಡಂ, ಇವನನ್ನು ಸೈನ್ಯಕ್ಕೆ ಸೇರಿಸುತ್ತಿದ್ದೀರಾ ಎಂದರು. ನನಗೆ ಸಿಟ್ಟು ಬರಲು ಅಷ್ಟು ಸಾಕು. ನಿಮ್ಮ ಗುಳಿಗೆ ನುಂಗಿ ಇಲ್ಲಿಗೆ ಬಂದು ತೂಕಡಿಸುತ್ತಾರೆ, ನಾನೇನು ಜೋಗುಳ ಹಾಡಲೇ ಎಂದೆ. ಅವರೊಂದು ಅಂದರು, ನಾನೆರಡು ಅಂದೆ. ಶರಣಪ್ಪ ಎತ್ತಿದ ಕಾಲನ್ನು ಇಳಿಸಲೂ ಮರೆತು ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದ.

ಮುಂದಿನ ವಾರದಿಂದ ಅವನ ನೋವು ಇಳಿಯತೊಡಗಿತು. ಆರು ಎಂದ, ಐದು ಎಂದ, ಒಂದು ತಿಂಗಳಲ್ಲಿ ಮೂರಕ್ಕೆ ಬಂದ. "ನಿಮ್ಮ ಕಸರತ್ತಿನಿಂದ ಭಾಳ ಆರಾಮಾಗ್ಯಾದ್ರಿ ಅಕ್ಕಾರ" ಎಂದ. ನಾನು ಉಬ್ಬಿಹೋದೆ. ಡಾಕ್ಟರಿಗೆ, ನಿಮ್ಮ ಗುಳಿಗೆಯಿಂದಲೇ ಆರಾಮ ಎಂದಿದ್ದ. ಅವರೂ ಉಬ್ಬಿದರು. ಶ್ರುತಿಗೆ, ನಿಮ್ಮ ಜತೆ ಮಾತಾಡಿದ ಮೇಲೆ ಹಗುರವಾಯಿತು ಎಂದಿದ್ದ. ನಾವು ಮೂವರೂ ನಮ್ಮ ನಮ್ಮ ಕೋಣೆಗಳಲ್ಲಿ ನಮ್ಮ ನಮ್ಮ ಬೆನ್ನು ತಟ್ಟಿಕೊಂಡೆವು.

ಆಮೇಲೆ ಆದದ್ದು ಇಷ್ಟು. ಒಂದು ಸೋಮವಾರ ಡಾಕ್ಟರು, ಮೂರಕ್ಕೆ ಇಳಿದಿದೆಯಲ್ಲ ಎಂದು ಅವನ ಗುಳಿಗೆಯನ್ನು ಅರ್ಧ ಮಾಡಿದರು, ಬಿಳಿ ಫೈಲಿನಲ್ಲಿ ಬರೆದರು. ಮರುದಿನ ನಾನು, ಮೂರಕ್ಕೆ ಇಳಿದಿದೆಯಲ್ಲ ಎಂದು ಅವನು ಎತ್ತುತ್ತಿದ್ದ ಮರಳಿನ ಚೀಲದ ತೂಕವನ್ನು ಎರಡರಷ್ಟು ಮಾಡಿದೆ, ಹಸಿರು ಫೈಲಿನಲ್ಲಿ ಬರೆದೆ. ಮರಳಿನ ಚೀಲವನ್ನು ಎತ್ತುವಾಗ ಅವನು ಹಲ್ಲು ಕಚ್ಚಿದ್ದು ನನಗೆ ಕಂಡಿತ್ತು. ಛಲ ಎಂದುಕೊಂಡೆ. "ಭೇಷ್, ಇನ್ನು ಐದು ಸಲ" ಎಂದೆ. ಬೆನ್ನು ನೋಡಿ ಮನುಷ್ಯರನ್ನು ಗುರುತು ಹಿಡಿಯುತ್ತೇನೆ ಎಂದು ಬೀಗುತ್ತಿದ್ದವಳು, ಎದುರಿಗಿದ್ದ ಮುಖವನ್ನು ಓದಲಿಲ್ಲ.

ಗುರುವಾರ ಶ್ರುತಿಯ ಬಳಿಗೆ ಅವನು ಬರಲಿಲ್ಲ. ಶನಿವಾರ ಅವನ ಹೆಂಡತಿ ಗುರುಬಾಯಿ ಒಬ್ಬಳೇ ಬಂದಳು. ಕಟ್ಟಡದ ಕೆಲಸಕ್ಕೆ ಹೋಗುವವಳು. ತಲೆಗೂದಲಲ್ಲಿ ಸಿಮೆಂಟಿನ ಪುಡಿ ಹಾಗೇ ಇತ್ತು. ಲಿಲ್ಲಿ ಸಿಸ್ಟರ್‌ಗೆ ಅವಳ ಮಾತು ಅರ್ಥವಾಗದೆ ನನ್ನನ್ನು ಕರೆಸಿದರು. ನನ್ನನ್ನು ನೋಡಿದ್ದೇ ಅವಳ ಮುಖ ಗಂಟಿಕ್ಕಿತು.

"ನೀವೇ ಏನ್ರಿ ಆ ಅಕ್ಕಾರು? ಬುಧವಾರದಿಂದ ನೆಲ ಬಿಟ್ಟು ಏಳವಲ್ಲ ಅವ. ಸಂಡಾಸಕ್ಕೂ ನಾನೇ ಹಿಡಕೊಂಡ ಹೋಗಬೇಕು. ದವಾಖಾನಿಗಿ ಹೇಳಿ ಬರ್ತೀನಂದ್ರ ಬ್ಯಾಡಂತಾನ."

"ಬೇಡ ಯಾಕೆ? ನೋವು ಮೂರಕ್ಕೆ ಇಳಿದಿತ್ತಲ್ಲ?"

"ಎಲ್ಲಿ ಮೂರ್ರಿ! ಎಂದೂ ಇಳಿದಿಲ್ಲ. ನೀವೂ ದೊಡ್ಡ ಡಾಕ್ಟರೂ ಅವನ ಮುಂದ ಜಗಳಾಡೀರಿ, ಹೌದೋ ಅಲ್ಲೋ? ನನ್ನ ಸಲುವಾಗಿ ಓದಿದೋರು ಕಚ್ಚಾಡ್ಲತ್ತಾರ, ಇನ್ನ ಮ್ಯಾಲ ಯಾರು ಕೇಳಿದ್ರೂ ಕಡಿಮಿ ಆಗ್ಯಾದ ಅಂತೀನಿ ಅಂದ. ಟೋಳ್ಯಾಗ ಅದೇ ರೂಢಿ ನೋಡ್ರಿ. ಮೂಟಿ ಬಿದ್ರ ಯಾರ ಕೈ ಜಾರ್ತು ಅಂತ ಯಾರೂ ಕೇಳಂಗಿಲ್ಲ, ಯಾರೂ ಹೇಳಂಗಿಲ್ಲ. ಕೇಳಿದ್ರ ಟೋಳಿ ಒಡೀತದ. ಎಲ್ಲಾರೂ ಬಗ್ಗಿ ಎತ್ತತಾರ. ನಿಮ್ಮದೂ ಒಂದು ಟೋಳಿ ಅಂತ ತಿಳದಾನ ಹುಚ್ಚ. ನನ್ನಿಂದ ಅವರ ಟೋಳಿ ಒಡೀಬಾರ್ದು ಅಂತಾನ."

ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ನಾಚಿಕೆಯಾಯಿತು. ನಮ್ಮ ಮರ್ಯಾದೆ ಉಳಿಸಲು ಆ ಮನುಷ್ಯ ತನ್ನ ನೋವನ್ನು ನುಂಗಿಕೊಂಡಿದ್ದ, ಅವನು ನುಂಗಿದ ನೋವನ್ನು ನಾವು ನಮ್ಮ ಗೆಲುವು ಎಂದು ಬರೆದುಕೊಂಡಿದ್ದೆವು. ಅವಳು ಹೇಳಿದ್ದನ್ನು ಸಿಸ್ಟರ್‌ಗೆ ಹಿಂದಿಯಲ್ಲಿ ಹೇಳಿದೆ. ಸಿಸ್ಟರ್ ನೇರ ಮೂರು ಕೋಣೆಗಳಿಗೂ ಹೋಗಿ ಬಿಳಿ, ಹಸಿರು, ಗುಲಾಬಿ ಮೂರು ಫೈಲನ್ನೂ ತಂದು, ಒಳಗಿನ ಹಾಳೆಗಳನ್ನೆಲ್ಲ ಬಿಚ್ಚಿ, ದಿನಾಂಕದ ಕ್ರಮದಲ್ಲಿ ಜೋಡಿಸಿ, ಬ್ಯಾಂಡೇಜಿನ ಪಟ್ಟಿಯಿಂದ ಒಂದೇ ಕಟ್ಟು ಕಟ್ಟಿದರು. ಡಾಕ್ಟರು ಬಂದು, ನನ್ನ ಫೈಲು ಎಲ್ಲಿ ಎಂದು ಕೇಳಿದರು. ಫೈಲು ನಿಮ್ಮದಲ್ಲ, ಶರಣಪ್ಪನದು ಎಂದರು ಸಿಸ್ಟರ್. ಸೋಮವಾರ ಅರ್ಧ ಮಾಡಿದ ಗುಳಿಗೆ, ಮಂಗಳವಾರ ಎರಡರಷ್ಟಾದ ಮರಳು ಆ ಕಟ್ಟಿನಲ್ಲಿ ಒಂದರ ಮೇಲೊಂದು ಇದ್ದವು. ಡಾಕ್ಟರು ಅದನ್ನು ಓದಿ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಆವತ್ತಿನಿಂದ ಬುಧವಾರ ಮಧ್ಯಾಹ್ನ ಊಟವಾದ ಮೇಲೆ ಡ್ರೆಸ್ಸಿಂಗ್ ಕೋಣೆಯ ಮೇಜಿನ ಸುತ್ತ ಎಲ್ಲರೂ ಕೂರಬೇಕು ಎಂದಾಯಿತು. ರೋಗಿಯೂ ಕೂರಬೇಕು, ಮನೆಯವರು ಬಂದರೆ ಅವರೂ. ಮೇಜಿನ ಮೇಲೆ ಹೇಳದೆ ಯಾರೂ ಏನನ್ನೂ ಬದಲಿಸಬಾರದು. ಇದು ಲಿಲ್ಲಿ ಸಿಸ್ಟರ್ ಮಾಡಿದ ಕಾನೂನು. ಈಗ ಇದನ್ನೇ ದೊಡ್ಡ ದೊಡ್ಡ ಹೆಸರಿಟ್ಟು ನಿಮಗೆ ಪಾಠ ಮಾಡುತ್ತಾರೆ.

ಡಾಕ್ಟರು ಶರಣಪ್ಪನನ್ನು ಕೆಲವು ದಿನ ಒಳರೋಗಿಯಾಗಿ ಇಟ್ಟುಕೊಂಡು ನೋವನ್ನು ಹತೋಟಿಗೆ ತಂದರು. ಮೊದಲ ಬುಧವಾರ ಅವನು ಗೋಡೆ ಹಿಡಿದು ನಡೆದು ಬಂದು ಕೂತ. ಡಾಕ್ಟರು ನಮ್ಮದು ತಪ್ಪಾಯಿತು ಎಂದು ಕೈ ಮುಗಿದರು. ಅವನು ಗಾಬರಿಯಾಗಿ ಎದ್ದು ನಿಲ್ಲಲು ಹೋದ. ಇವತ್ತು ನೋವು ಎಷ್ಟಿದೆ, ನಿಜ ಹೇಳು ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. ಅವನು ಬಾಯಿ ತೆರೆಯುವ ಮೊದಲೇ ನಾನು, "ಬೆಳಿಗ್ಗೆ ಜಾಸ್ತಿ ಇರುತ್ತದೆ, ನಡೆದರೆ ಕಡಿಮೆ" ಎಂದೆ. ಇನ್ನೊಂದು ಪ್ರಶ್ನೆಗೂ ನಾನೇ ಉತ್ತರಿಸಿದೆ. ಅವನು ನಮ್ಮವ, ಅವನ ಭಾಷೆ ಬಲ್ಲವಳು ನಾನೊಬ್ಬಳೇ, ಅವನ ಪರವಾಗಿ ಮಾತಾಡುವ ಹಕ್ಕು ನನಗಿದೆ ಎಂಬ ಧೋರಣೆ. ಮೂರನೆಯ ಪ್ರಶ್ನೆಗೆ ಶ್ರುತಿ ನನ್ನ ಮೊಣಕೈ ಮುಟ್ಟಿ, "ಆಂಟಿ, ಉನಕೋ ಬೋಲನೇ ದೋ" ಎಂದಳು. ಅವರೇ ಮಾತಾಡಲಿ ಬಿಡಿ ಎಂದು. ನನ್ನ ಅರ್ಧ ವಯಸ್ಸಿನ ಹುಡುಗಿ! ನಾಲಿಗೆ ಕಚ್ಚಿಕೊಂಡೆ. ಮೂವತ್ತು ವರ್ಷ ಜನರಿಗೆ ವ್ಯಾಯಾಮ ಹೇಳಿಕೊಟ್ಟವಳಿಗೆ, ಬಾಯಿ ಮುಚ್ಚಿ ಕೂರುವ ವ್ಯಾಯಾಮ ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು.

ಅವನು ತಡೆದು ತಡೆದು ಮಾತಾಡಿದ. ರಾತ್ರಿ ನಿದ್ದೆ ಇಲ್ಲ. ಆರಾಮಿದ್ದ ದಿನಗಳಲ್ಲಿ ಬೆಳಗಾದರೆ ಮಾರ್ಕೆಟಿಗೆ ಹೋಗಿ ನಿಲ್ಲುತ್ತಾನೆ. ಟೋಳಿಯವರು ಮೂಟೆ ಮುಟ್ಟಲು ಬಿಡುವುದಿಲ್ಲ. ಆದರೆ ನಾಷ್ಟಾದ ಹೊತ್ತಿಗೆ ರೊಟ್ಟಿ ಗಂಟು ಬಿಚ್ಚಿ, ಬಾ ಶರಣಪ್ಪ ಎಂದು ಕರೆಯುತ್ತಾರೆ. "ಹೊರೋರ ನಡುವ ಹೊರಲಾರದವ ಕುಂತು ತಿನ್ನೂದು ಅಂದ್ರ ರೊಟ್ಟಿ ಗಂಟಲದಾಗ ಇಳಿಯಂಗಿಲ್ರಿ" ಎಂದ. ಅದನ್ನು ನಾನು ಡಾಕ್ಟರಿಗೆ ಹೇಳಿದಾಗ ಅವರು ಅದನ್ನೂ ಫೈಲಿನಲ್ಲಿ ಬರೆದರು. ಅಂಕಿಯಲ್ಲದ ಒಂದು ಸಂಗತಿಯನ್ನು ಅವರು ಬರೆದದ್ದು ನಾನು ನೋಡಿದ್ದು ಅದೇ ಮೊದಲು.

ಕೆಲಸದ ರೀತಿಯೇ ಬದಲಾಯಿತು. ಹಗಲು ತೂಕಡಿಸದಂತೆ ಗುಳಿಗೆಯನ್ನು ಡಾಕ್ಟರು ಸಂಜೆಗೆ ಬದಲಿಸಿದರು. ನಾನು ಮರಳಿನ ಚೀಲ ಮೂಲೆಗಿಟ್ಟು ನಡಿಗೆ ಹಿಡಿಸಿದೆ. ಆರಾಮಿದ್ದ ದಿನ ಹುರುಪಿನಿಂದ ಹೆಚ್ಚು ಮಾಡಬಾರದು, ನೋವಿದ್ದ ದಿನ ಹೆದರಿ ಪೂರ್ತಿ ಬಿಡಬಾರದು, ದಿನಾ ಅಷ್ಟೇ. ಇದು ಹೇಳಲು ಸುಲಭ, ದುಡಿದು ಬದುಕಿದವರಿಗೆ ಪಾಲಿಸಲು ಬಹಳ ಕಷ್ಟ. ನಿದ್ದೆಯದೂ ಉಸಿರಾಟದ್ದೂ ಶ್ರುತಿಯ ಪಾಲು. ಅವನು ಅರ್ಧಮರ್ಧ ಹಿಂದಿಯಲ್ಲಿ, ಅವಳು ಅರ್ಧಮರ್ಧ ಕನ್ನಡದಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ನಾನು ಬಾಗಿಲ ಹೊರಗೆ ನಿಂತು, ಒಳಗೆ ಹೋಗಿ ಅನುವಾದ ಮಾಡಬೇಕೆಂದು ಚಡಪಡಿಸುತ್ತಿದ್ದೆ. ಸಿಸ್ಟರ್ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದರು. ಗುರುಬಾಯಿಗೂ ಒಂದು ಪಾಠ ಇತ್ತು: ಅವನು ಬಗ್ಗಿ ಚೊಂಬು ಎತ್ತಲು ಹೋದರೆ ಓಡಿ ಬಂದು ಕಸಿದುಕೊಳ್ಳಬಾರದು. "ಇಷ್ಟ ದಿನ ಎತ್ತಬ್ಯಾಡ ಅಂದ್ರಿ, ಈಗ ಎತ್ತಲಿ ಬಿಡು ಅಂತೀರಿ. ಮೊದಲ ನೀವು ನೀವು ಒಂದ ಮಾತಿಗಿ ಬರ್ರಿ" ಎಂದಳು. ಅವಳ ಮಾತು ನೂರಕ್ಕೆ ನೂರು ನಿಜ.

ನೋವು ಎಂಟರಿಂದ ಆರಕ್ಕೆ, ಕೆಲವು ದಿನ ಐದಕ್ಕೆ ಬಂತು. ಈ ಸಲದ ಅಂಕಿಗಳು ನಿಜವಾಗಿದ್ದವು. ಅರ್ಧ ತಾಸು ನಡೆಯುತ್ತಿದ್ದ, ನಿದ್ದೆ ಮಾಡುತ್ತಿದ್ದ, ಒಮ್ಮೆ ಮೇಜಿನ ಬಳಿ ನಕ್ಕ ಕೂಡ. ಆದರೆ ಪ್ರತಿ ಬುಧವಾರ ಏಳುವ ಮುನ್ನ ಅದೇ ಪ್ರಶ್ನೆ: ನಾ ಮತ್ತ ಮೂಟಿ ಹೊರ್ತೀನೇನ್ರಿ? ಡಾಕ್ಟರು ನೋಡೋಣ ಎನ್ನುತ್ತಿದ್ದರು. ನಾನು ನಡಿಗೆಯ ಮಾತೆತ್ತುತ್ತಿದ್ದೆ. ಹೊಸ ಈರುಳ್ಳಿ ಮಾರ್ಕೆಟಿಗೆ ಬರುವ ದಿನ ಹತ್ತಿರವಾಗುತ್ತಿತ್ತು.

ಒಂದು ಬುಧವಾರ ಗಾಡಿ ತಡವಾಗಿ ಅವನು ಇನ್ನೂ ಬಂದಿರಲಿಲ್ಲ. ಡಾಕ್ಟರು ಮೆಲ್ಲಗೆ, ಆ ಬೆನ್ನು ಇನ್ನು ಐವತ್ತು ಕಿಲೋ ಹೊರುವುದಿಲ್ಲ ಎಂದರು. ನಾನು ಹೌದು ಎಂದೆ. ಶ್ರುತಿಯೂ ಸಿಸ್ಟರೂ ತಲೆಯಾಡಿಸಿದರು. ಅಷ್ಟರಲ್ಲಿ ಅವನು ಬಂದ, ಮಾತು ಬೇರೆ ಕಡೆ ತಿರುಗಿತು. ಹೊರಲಾಗದಿದ್ದರೆ ಟೋಳಿಯಲ್ಲಿ ಅವನಿಗೆ ಬೇರೆ ಯಾವ ಕೆಲಸವಿದೆ ಎಂದು ಮಾರ್ಕೆಟಿಗೇ ಹೋಗಿ ನೋಡೋಣ ಎಂದು ಶ್ರುತಿ ಆಮೇಲೆ ನಮಗೆ ಸೂಚಿಸಿದಳು. ಎಲ್ಲರೂ ಒಪ್ಪಿದೆವು.

ಹೀಗೆ ಒಂದು ಬೆಳಿಗ್ಗೆ ನಾವು ನಾಲ್ವರೂ ತುರ್ಭೆಯ ಮಾರ್ಕೆಟಿನಲ್ಲಿ ಇಳಿದೆವು. ಲಾರಿಗಳ ಸಾಲು, ಕಾಲಿಗೆ ಸಿಗುವ ಈರುಳ್ಳಿ ಸಿಪ್ಪೆ, ಘಾಟು. ಮೂಟೆ ಹೊತ್ತವರು ನಮಗಾಗಿ ನಿಲ್ಲಲಾರರು, ನಾವೇ ಪಕ್ಕಕ್ಕೆ ಹಾರಬೇಕು. ಡಾಕ್ಟರ್ ಕುಲಕರ್ಣಿ ಎರಡು ಸಲ ಬೈಸಿಕೊಂಡರು. ಶರಣಪ್ಪ ನಮ್ಮನ್ನು ಬೀಗರನ್ನು ಕರೆದೊಯ್ಯುವಂತೆ ಸಂಭ್ರಮದಿಂದ ಟೋಳಿಯ ಹತ್ತಿರ ಕರೆದೊಯ್ದ. ಮುಕಾದಮ ವಿಠೋಬಾ ಸಾತಾರಾ ಕಡೆಯ ಹಿರಿಯ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, "ತುಮಚ್ಯಾತ್ ಮುಕಾದಮ್ ಕೋಣ್?" ಎಂದ. ನಿಮ್ಮಲ್ಲಿ ಮುಕಾದಮ ಯಾರು ಎಂಬ ಸಾದಾ ಪ್ರಶ್ನೆ. ನಾನು ಡಾಕ್ಟರನ್ನು ನೋಡಿದೆ, ಡಾಕ್ಟರು ಲಿಲ್ಲಿ ಸಿಸ್ಟರನ್ನು ನೋಡಿದರು.

ಕೊನೆಗೆ ವಿಠೋಬಾ ಎಲ್ಲರನ್ನೂ ಸೇರಿಸಿ ಕೇಳಿದ. ಬರುವ ವಾರ ಹೊಸ ಮಾಲು ಬರುತ್ತದೆ, ಜಾಗ ಖಾಲಿ ಇಡಲಾಗುವುದಿಲ್ಲ, ಶರಣಪ್ಪ ಹೊರುತ್ತಾನೋ ಇಲ್ಲವೋ? ಶರಣಪ್ಪ ನಮ್ಮ ಕಡೆ ತಿರುಗಿದ. ಅವನ ಮುಖದಲ್ಲಿ ಇನ್ನೂ ಆಸೆ ಇತ್ತು. ಆಗ ನನಗೆ ಹೊಳೆಯಿತು. ಅವನಿಗೆ ಯಾರೂ ಹೇಳಿಯೇ ಇರಲಿಲ್ಲ. ಮನಸ್ಸಿನ ವಿಷಯ, ಶ್ರುತಿ ಹೇಳಿರುತ್ತಾಳೆ ಎಂದು ಡಾಕ್ಟರು ತಿಳಿದಿದ್ದರು. ಭಾಷೆ ಬಲ್ಲವರು, ಆಂಟಿ ಹೇಳಿರುತ್ತಾರೆ ಎಂದು ಶ್ರುತಿ. ಇಂಥ ಮಾತು ಡಾಕ್ಟರೇ ಹೇಳಬೇಕಾದ್ದು ಎಂದು ನಾನು. ನಾಲ್ವರೂ ಒಪ್ಪಿದ ಆ ಒಂದು ವಾಕ್ಯ, ಅಷ್ಟು ಅಚ್ಚುಕಟ್ಟಾಗಿ ಕಟ್ಟಿದ ಆ ಒಂದೇ ಫೈಲಿನಲ್ಲಿ ಎಲ್ಲಿಯೂ ಇರಲಿಲ್ಲ.

ನಾನು ಶರಣಪ್ಪನನ್ನು ಲಾರಿಯ ಆಚೆ ನೆರಳಿಗೆ ಕರೆದೆ. ಉಳಿದ ಮೂವರೂ ಹಿಂದೆಯೇ ಬಂದರು.

"ಶರಣಪ್ಪ, ನಿಮಗೆ ಇನ್ನು ಮೂಟೆ ಹೊರುವುದಕ್ಕೆ ಆಗುವುದಿಲ್ಲ. ಈ ವರ್ಷ ಅಲ್ಲ, ಮುಂದಿನ ವರ್ಷವೂ ಅಲ್ಲ. ನಡೆಯಬಹುದು, ಬೇರೆ ಕೆಲಸ ಮಾಡಬಹುದು. ಮೂಟೆ ಇಲ್ಲ. ಇದು ನಮಗೆ ನಾಲ್ಕು ಜನಕ್ಕೂ ಗೊತ್ತಿತ್ತು. ಹೇಳಲಿಲ್ಲ."

ಅವನು ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಲಾರಿಗಳ ಸಾಲಿನ ಆಚೆ ಹೋದ. ಹಿಂದೆ ಹೋಗಲು ಹೊರಟ ಶ್ರುತಿಯನ್ನು ವಿಠೋಬಾ ಕೈ ಅಡ್ಡ ಇಟ್ಟು ತಡೆದ. ಶರಣಪ್ಪನ ಮುಖ ನೋಡಿಯೇ ಅವನಿಗೆ ಎಲ್ಲ ಗೊತ್ತಾಗಿತ್ತು. ಹರಿದ ಗೋಣಿ ಹೊಲಿಯುವ ಕೆಲಸ ಒಂದಿದೆ, ಮಾಡುತ್ತಿದ್ದ ಮುದುಕ ಊರಿಗೆ ಹೋಗಿದ್ದಾನೆ, ಟೋಳಿಯೊಳಗಿನದೇ ಕೆಲಸ ಎಂದ. ಕೂತು ಹೊಲಿದರೆ ಅವನ ಬೆನ್ನಿಗೆ ಆಗದು ಎಂದೆ ನಾನು. ಹಾಗಾದರೆ ನಿಂತು ಹೊಲಿಯಲಿ ಎಂದ ಮುಕಾದಮ. ಎರಡು ಮರದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಡಿಸಿದ. ಡಾಕ್ಟರ್ ಕುಲಕರ್ಣಿ ದಬ್ಬಣ ಕೈಯಲ್ಲಿ ಹಿಡಿದು, ಸೊಂಟದ ಎತ್ತರಕ್ಕೆ ಸರಿಯಾಗುತ್ತದೆಯೇ ಎಂದು ತಾವೇ ನಿಂತು ನೋಡಿದರು. ಎಷ್ಟು ಹೊತ್ತಿಗೊಮ್ಮೆ ಬಿಟ್ಟು ನಡೆಯಬೇಕು ಎಂದು ನಾನು ಹೇಳಿದೆ, ಸಿಸ್ಟರ್ ಅಲ್ಲೇ ಬರೆದುಕೊಂಡರು. ನಾವೆಲ್ಲ ಒಟ್ಟಿಗೆ ಒಂದು ಕೆಲಸ ಮಾಡಿದ್ದೆಂದರೆ ಅದೇ.

ಶರಣಪ್ಪ ಬಹಳ ಹೊತ್ತಿನ ಮೇಲೆ ಬಂದ. ಮುಖ ತೊಳೆದುಕೊಂಡಿದ್ದ, ಕಣ್ಣು ಕೆಂಪಗಿತ್ತು. ಪೆಟ್ಟಿಗೆಗಳನ್ನು ನೋಡಿದ, ಡಾಕ್ಟರ ಕೈಯಲ್ಲಿದ್ದ ದಬ್ಬಣವನ್ನು ನೋಡಿದ. ಆಮೇಲೆ ನನ್ನ ಮುಂದೆ ಬಂದು ನಿಂತ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ಅಕ್ಕಾರ, ನಿಮ್ಮಲ್ಲಿ ಯಾರಾರ ಒಬ್ಬರು ಈ ಮಾತು ನಾ ಬಂದ ದಿನಾನೇ ಹೇಳಿದ್ರ, ನಾ ಅವತ್ತೇ ಅತ್ತು ಮುಗಿಸ್ತಿದ್ದೆ."

ಡಾಕ್ಟರ್ ಕುಲಕರ್ಣಿ ನನ್ನ ಕಡೆ ಬಗ್ಗಿ, ಏನಂದ ಅವನು ಎಂದು ಕೇಳಿದರು. ನಾನು ಒಂದಕ್ಷರ ಬಿಡದೆ ಹೇಳಿದೆ.